ಕೈ ಕಳೆದುಕೊಂಡವನಿಗೆ ಓದಲಾಗದ ಕಾಗದ

ಕನ್ನಡ ಶಾಲೆಗಳ ತಂದೆ-ತಾಯಂದಿರೇ,

ಕಂಬದೂರು, ಕಲ್ಯಾಣದುರ್ಗ, ರಾಯದುರ್ಗ, ಮಡಕಶಿರಾ, ಹಿಂದೂಪುರದ ಕಡೆ ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸುವ ನಿಮ್ಮನ್ನು ಕೆಲವರು ಹಂಗಿಸುತ್ತಾರೆ: “ಕನ್ನಡ ಓದಿದರೆ ಅನ್ನ ಹುಟ್ಟುತ್ತದೆಯೇ?” ಈ ಮಾತಿಗೆ ನಾವು ಸಾಮಾನ್ಯವಾಗಿ ಸಂಸ್ಕೃತಿ, ಪರಂಪರೆ ಎಂದು ಉತ್ತರ ಕೊಡುತ್ತೇವೆ. ಇಂದು ಅನ್ನದ ಲೆಕ್ಕದಲ್ಲೇ ಉತ್ತರ ಕೊಡೋಣ.

ಮಳೆ ಕೈಕೊಟ್ಟು ಶೇಂಗಾ ಒಣಗಿದ ವರ್ಷ ನಮ್ಮವರು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ, ಲಾರಿ ಹತ್ತುತ್ತಾರೆ, ಕಾರ್ಖಾನೆ ಸೇರುತ್ತಾರೆ. ಅಲ್ಲಿ ಕೈಯೋ ಕಾಲೋ ಹೋದರೆ ವಿಮಾ ಕಂಪನಿಯಿಂದ ಒಂದು ಕಾಗದ ಬರುತ್ತದೆ. ಅದು ಇಂಗ್ಲಿಷಿನಲ್ಲಿರುತ್ತದೆ. “ನಿಮ್ಮದು ಪೂರ್ಣ ಅಂಗವೈಕಲ್ಯವಲ್ಲ, ಇಷ್ಟೇ ಪರ್ಸೆಂಟ್” ಎಂದೋ, “ನಿಮ್ಮ ಅರ್ಜಿ ತಿರಸ್ಕೃತವಾಗಿದೆ” ಎಂದೋ ಅದರಲ್ಲಿ ಬರೆದಿರುತ್ತದೆ. ಓದಲು ಬಾರದವನು ಅದನ್ನು ಮಡಚಿ ಪೆಟ್ಟಿಗೆಯಲ್ಲಿ ಇಡುತ್ತಾನೆ, ಗಡುವು ಮೀರುತ್ತದೆ, ಹಕ್ಕು ಸಾಯುತ್ತದೆ.

ಆ ಪರ್ಸೆಂಟಿನ ಮಾತು ಕೊನೆಯ ಮಾತೇ? ಖಂಡಿತ ಅಲ್ಲ. 1923ರ ಕಾರ್ಮಿಕರ ಪರಿಹಾರ ಕಾಯಿದೆಯಲ್ಲಿ ಒಂದು ಪಟ್ಟಿಯಿತ್ತು. ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇಕಡಾ 30 ನಷ್ಟ, ಒಂದು ಕೈ ಹೋದರೆ ಶೇಕಡಾ 60 ಎಂದು ಅದರಲ್ಲಿ ಬರೆದಿತ್ತು. ಆ ಪಟ್ಟಿಯನ್ನು ಮುಂದೆ ಹಿಡಿದು ಕೊಡುವುದನ್ನು ಕಡಿಮೆ ಮಾಡುವುದು ಹಳೆಯ ಚಾಳಿ. ಒರಿಸ್ಸಾದಲ್ಲಿ 1968ರಲ್ಲಿ ಚಿತ್ರಮಂದಿರದ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬ ಬಿದ್ದು, ಅವನ ಎಡಗೈಯನ್ನು ಕತ್ತರಿಸಿ ತೆಗೆಯಬೇಕಾಯಿತು. ಇದು ಭಾಗಶಃ ನಷ್ಟ ಮಾತ್ರ ಎಂದು ಮಾಲೀಕ ಸುಪ್ರೀಂ ಕೋರ್ಟಿನ ತನಕ ಹೋದ. ಒಂದೇ ಕೈಯಲ್ಲಿ ಬಡಗಿ ಕೆಲಸ ನಡೆಯದು, ಆದ್ದರಿಂದ ನಷ್ಟ ಪೂರ್ಣ ಎಂದು 1975ರ ಡಿಸೆಂಬರ್‌ನಲ್ಲಿ ಕೋರ್ಟು ಹೇಳಿತು. ಪರಿಹಾರ ಕೊಡುವ ಹೊಣೆ ಅಪಘಾತವಾದ ದಿನದಿಂದಲೇ ಶುರುವಾಗುತ್ತದೆ ಎಂದೂ ಸೇರಿಸಿತು.

ನಮಗೆ ಇನ್ನೂ ಹತ್ತಿರದ್ದು ಕರ್ನಾಟಕದ ಲಾರಿ ಚಾಲಕನೊಬ್ಬನ ಮೊಕದ್ದಮೆ. ಎದುರು ಪಕ್ಷ ನ್ಯೂ ಇಂಡಿಯಾ ವಿಮಾ ಕಂಪನಿ. ಡಾಕ್ಟರು ಬರೆದುಕೊಟ್ಟ ಅಂಗವೈಕಲ್ಯ ನೂರಕ್ಕೆ ಬಹಳ ಕಡಿಮೆಯಿತ್ತು. ಆದರೆ ಗಾಯಗೊಂಡ ಕಾಲಿನಿಂದ ಆತ ಮತ್ತೆ ಲಾರಿ ಓಡಿಸಲಾರ. ಅವನ ಗಳಿಕೆಯ ಶಕ್ತಿ ನೂರಕ್ಕೆ ನೂರು ಹೋಗಿದೆ ಎಂದು 2019ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಕೋರ್ಟು ಕೇಳಿದ ಪ್ರಶ್ನೆ ಒಂದೇ: ಈ ಮನುಷ್ಯ ತನ್ನ ಕಸುಬು ಮಾಡಬಲ್ಲನೇ? ಈ ಪ್ರಶ್ನೆಯನ್ನು ನಿಮ್ಮ ಮನೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿಟ್ಟುಕೊಳ್ಳಿ.

1923ರ ಆ ಕಾಯಿದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಕಾಯಿದೆಯ ಹೆಸರು ಬದಲಾಯಿತೆಂದು ಹಕ್ಕು ಹೋಯಿತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಪರಿಹಾರದ ಹಕ್ಕನ್ನು ಬಿಟ್ಟುಕೊಡುತ್ತೇನೆಂದು ಕೆಲಸಗಾರನಿಂದ ಬರೆಸಿಕೊಂಡ ಕರಾರು ಅಂದೂ ಊರ್ಜಿತವಾಗಿರಲಿಲ್ಲ, ಇಂದೂ ಊರ್ಜಿತವಲ್ಲ.

ಇನ್ನು ನೀವೇ ಕಂತು ಕಟ್ಟುವ ವಿಮೆ. ಪಾಸ್‌ಬುಕ್ಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಡಿತವಾಗಿದೆಯೇ ನೋಡಿ. ಅದು 2015ರಲ್ಲಿ 12 ರೂಪಾಯಿಗೆ ಶುರುವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. ಅಪಘಾತದಲ್ಲಿ ಎರಡು ಕೈ, ಎರಡು ಕಾಲು ಅಥವಾ ಎರಡು ಕಣ್ಣು ಹೋದರೆ 2 ಲಕ್ಷ, ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಹೋದರೆ 1 ಲಕ್ಷ. ಒಂದು ಬೆರಳಿಗೆ ಇದರಲ್ಲಿ ಏನೂ ಇಲ್ಲ. ಇದು ಸಿಗಲಿಲ್ಲವೆಂದು ಮಾಲೀಕನಿಂದ ಬರಬೇಕಾದ ಪರಿಹಾರ ಬಿಡಬೇಡಿ, ಅದೇ ಬೇರೆ, ಇದೇ ಬೇರೆ. ಈ ಯೋಜನೆಯ ಅರ್ಜಿ ನಮೂನೆ ಕನ್ನಡದಲ್ಲೂ ಇದೆ. ನಿಮ್ಮ ಬ್ಯಾಂಕಿನಲ್ಲಿ ಎಂದಾದರೂ ಅದನ್ನು ಕೊಟ್ಟಿದ್ದಾರೆಯೇ? ಕೊಟ್ಟಿಲ್ಲವೆಂದರೆ ನೀವು ಕೇಳಿದ್ದೀರಾ?

ಭಾಷೆಯ ವಿಷಯ ಇಲ್ಲಿಂದಲೇ ಶುರು. ವಿಮಾ ನಿಯಂತ್ರಣ ಪ್ರಾಧಿಕಾರ 2002ರಲ್ಲಿ ಮಾಡಿದ ನಿಯಮಗಳಲ್ಲೇ, ವಿಮೆಯ ಕಾಗದಗಳನ್ನು ಸಂವಿಧಾನ ಮಾನ್ಯ ಮಾಡಿದ ಭಾಷೆಗಳಲ್ಲಿ ಕೊಡಬಹುದು ಎಂದಿತ್ತು. “ಕೊಡಬಹುದು” ಎಂದದ್ದೇ ತಪ್ಪಾಯಿತು, ಕೊಡದಿದ್ದರೂ ಕೇಳುವವರಿಲ್ಲ. ಆರೋಗ್ಯ ವಿಮೆಯಲ್ಲಿ, 2024ರ ಜನವರಿಯಿಂದ, ಗ್ರಾಹಕ ಬಯಸಿದರೆ ಮುಖ್ಯ ಷರತ್ತುಗಳ ಹಾಳೆಯನ್ನು ಸ್ಥಳೀಯ ಭಾಷೆಯಲ್ಲಿ ಕೊಡಬೇಕು ಎಂದಾಯಿತು. ಆದರೆ ಗಡಿಯಲ್ಲಿ “ಸ್ಥಳೀಯ ಭಾಷೆ” ಯಾವುದು? ಹಳ್ಳಿಯವರು ಕನ್ನಡ ಆಡುತ್ತಿದ್ದರೂ ರಾಜ್ಯ ಆಂಧ್ರವೆಂದು ತೆಲುಗು ಹಾಳೆ ಚಾಚುತ್ತಾರೆ. ಕನ್ನಡ ಹಾಳೆಯೇ ಬೇಕೆಂದು ಬರೆದು ಕೇಳುವುದು ನಮ್ಮ ಹೋರಾಟದ ಭಾಗವಾಗಬೇಕು.

“ಹಾಗಾದರೆ ಮಗನನ್ನು ಇಂಗ್ಲಿಷ್ ಶಾಲೆಗೇ ಹಾಕಿದರಾಯಿತಲ್ಲ?” ಎನ್ನುವಿರಿ. ಮಗ ತೆಲುಗು, ಇಂಗ್ಲಿಷ್ ಎರಡನ್ನೂ ಚೆನ್ನಾಗಿ ಕಲಿಯಲಿ, ನಮಗೂ ಅದೇ ಬೇಕು. ಆದರೆ ಕಾಗದಕ್ಕೆ ಸಹಿ ಹಾಕುವವರು ಇಂದು ನೀವು, ಅಪಘಾತವಾಗುವುದು ನಿಮಗೆ. ಮಗ ದೊಡ್ಡವನಾಗುವ ತನಕ ಕಂಪನಿ ಕಾಯುವುದಿಲ್ಲ. ಇಂಗ್ಲಿಷ್ ಬಾರದ್ದು ನಿಮ್ಮ ತಪ್ಪೆಂದು ಒಪ್ಪಿಕೊಂಡ ಕ್ಷಣವೇ, ಅರ್ಥವಾಗುವ ಭಾಷೆಯಲ್ಲಿ ಕಾಗದ ಕೊಡಬೇಕಾದವನ ಹೊಣೆ ತಪ್ಪಿತು.

ಸಂವಿಧಾನದ 350ನೆಯ ವಿಧಿ, ಕುಂದುಕೊರತೆಯ ಮನವಿಯನ್ನು ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಕೊಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಮಕ್ಕಳಿಗೆ ಮಾತೃಭಾಷೆಯ ಪ್ರಾಥಮಿಕ ಶಿಕ್ಷಣಕ್ಕೆಂದು 1956ರಲ್ಲಿ ಬಂದ 350-ಎ ವಿಧಿ ಅದರ ಬೆನ್ನಿಗೇ ಇದೆ. ಶಾಲೆ ಕೇಳುವಾಗ ಎರಡನೆಯದನ್ನು ನೆನೆಯುವ ನಾವು ಮೊದಲನೆಯದನ್ನು ಮರೆತಿದ್ದೇವೆ. ಉತ್ತರವೂ ಕನ್ನಡದಲ್ಲೇ ಬರಬೇಕೆಂದು ಆ ವಿಧಿ ಹೇಳುವುದಿಲ್ಲ, ನಿಜ. ಹಾಗೆಂದು ಕನ್ನಡದಲ್ಲಿದೆ ಎಂಬ ಕಾರಣಕ್ಕೆ ಮನವಿಯನ್ನು ಹಿಂದಕ್ಕೆ ಎಸೆಯುವಂತಿಲ್ಲ.

ಆದ್ದರಿಂದ, ಬಂಧುಗಳೇ, ಇಷ್ಟು ಮಾಡಿ.

ಒಂದು: ಓದಿ ತಿಳಿಯದ ಯಾವ ಕಾಗದಕ್ಕೂ ಸಹಿ, ಹೆಬ್ಬೆಟ್ಟು ಹಾಕಬೇಡಿ. ವಿವರಿಸಿ ಹೇಳಿದ್ದಾರೆ ಎಂಬ ಸಾಲಿನ ಕೆಳಗಂತೂ, ವಿವರಿಸದೆ ಹಾಕಲೇಬೇಡಿ.

ಎರಡು: ಕೆಲಸದಲ್ಲಿ ಗಾಯವಾದರೆ ಆಸ್ಪತ್ರೆಯ ಚೀಟಿ, ಕೂಲಿಯ ಲೆಕ್ಕ ಜೋಪಾನ ಮಾಡಿ, ಕಾರ್ಮಿಕ ಇಲಾಖೆಗೆ ಮನವಿ ಕೊಡಿ. ಯಾವ ಕಸುಬು ಮಾಡುತ್ತಿದ್ದಿರಿ, ಈಗ ಯಾವುದು ಆಗುತ್ತಿಲ್ಲ ಎಂಬುದನ್ನು ತಪ್ಪದೆ ಬರೆಸಿ.

ಮೂರು: ನಿಮ್ಮ ಸ್ವಂತ ವಿಮೆಯನ್ನು ಕಂಪನಿ ನಿರಾಕರಿಸಿದರೆ ಮೊದಲು ಕಂಪನಿಗೇ ದೂರು ಬರೆಯಿರಿ. ಅದಕ್ಕೂ ಒಪ್ಪದಿದ್ದರೆ, ಅಥವಾ ಒಂದು ತಿಂಗಳು ಉತ್ತರ ಬಾರದಿದ್ದರೆ, ಹೈದರಾಬಾದಿನ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ನಿರಾಕರಿಸಿದ ಒಂದು ವರ್ಷದೊಳಗೆ ದೂರು ಹೋಗಬೇಕು. ಅವರ ತೀರ್ಪಿಗೆ ಕಂಪನಿ ಬದ್ಧ.

ನಾಲ್ಕು: ಮುಂದಿನ ಪೋಷಕರ ಸಭೆಯಲ್ಲಿ ಮೇಷ್ಟ್ರನ್ನು ಕೇಳಿ: ಏಳನೆಯ ತರಗತಿಯ ಮಕ್ಕಳಿಗೆ ರಜೆ ಅರ್ಜಿಯ ಜೊತೆಗೆ ಪರಿಹಾರದ ಅರ್ಜಿ ಬರೆಯುವುದನ್ನೂ ಕಲಿಸಿ. ಅಪ್ಪನ ಪಾಲಿಸಿಯ ಷರತ್ತನ್ನು ಕನ್ನಡದಲ್ಲಿ ಓದಿ ಹೇಳಬಲ್ಲ ಮಗಳು ಮನೆಗೆ ದೊಡ್ಡ ಆಸರೆ.

ಕನ್ನಡದಲ್ಲಿ ಕೊಟ್ಟ ಒಂದೊಂದು ಮನವಿಯೂ ಈ ನೆಲದಲ್ಲಿ ಕನ್ನಡಿಗರಿದ್ದಾರೆ ಎಂಬುದಕ್ಕೆ ಸರ್ಕಾರಿ ಕಡತದಲ್ಲಿ ಬೀಳುವ ಸಾಕ್ಷಿ. ಕೇಳದೆ ಕೂತರೆ ಕಾಗದವೂ ಬಾರದು, ಕಾಸೂ ಬಾರದು. ಕೇಳಿ, ಬರೆದು ಕೇಳಿ, ಕನ್ನಡದಲ್ಲೇ ಬರೆದು ಕೇಳಿ.