ಕೈ ನನ್ನದು, ಹೊಣೆ ಯಾರದು?

1943ರ ಮಾರ್ಚ್ ಮೊದಲ ವಾರ. ಆಸ್ಟ್ರಿಯಾದ ಎನ್ಸ್ ಪಟ್ಟಣದ ಸೇನಾ ಶಿಬಿರಕ್ಕೆ ಬಂದ ರೈತನೊಬ್ಬ ತಾನು ಬಂದೂಕು ಹಿಡಿಯಲಾರೆ ಎಂದು ಅಧಿಕಾರಿಗಳಿಗೆ ನೇರವಾಗಿ ಹೇಳಿದ. ಫ್ರಾಂಜ್ ಯೇಗರ್‌ಸ್ಟೆಟ್ಟರ್ ಎಂಬ ಈ ಕ್ಯಾಥೊಲಿಕನಿಗೆ ಆಗ ಮೂವತ್ತೈದು ವರ್ಷ. ಸಾಂಕ್ಟ್ ರಾಡೆಗುಂಡ್ ಎಂಬ ಹಳ್ಳಿಯಲ್ಲಿ ಹೆಂಡತಿ, ಮೂವರು ಪುಟ್ಟ ಹೆಣ್ಣುಮಕ್ಕಳು, ತಾಯಿ, ಹೊಲಮನೆ. ಗಾಯಾಳುಗಳ ಆರೈಕೆಗೆ ಹಾಕಿದರೆ ಮಾಡುತ್ತೇನೆ, ಹಿಟ್ಲರನಿಗಾಗಿ ಕೊಲ್ಲುವುದು ಮಾತ್ರ ಆಗದು ಎಂಬುದು ಆತನ ನಿಲುವು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಗಸ್ಟ್ 9ರಂದು ಬ್ರಾಂಡೆನ್‌ಬುರ್ಗ್ ಜೈಲಿನಲ್ಲಿ ಆತನ ತಲೆ ಕಡಿದರು.

ಸರ್ಕಾರಕ್ಕೆ ಎಷ್ಟು ನಿಷ್ಠೆ ಎಂಬ ಮಾತು ಕ್ರೈಸ್ತರ ನಡುವೆ ಬಂದಾಗಲೆಲ್ಲ ಬೈಬಲ್ಲಿನ ಎರಡು ಪುಟಗಳು ತೆರೆದುಕೊಳ್ಳುತ್ತವೆ. ತಲೆಬಾಗಬೇಕೆನ್ನುವವರು ರೋಮಾಪುರದವರಿಗೆ ಪೌಲ ಬರೆದ ಪತ್ರಿಕೆಯ 13ನೇ ಅಧ್ಯಾಯ ಓದುತ್ತಾರೆ. ಬೇಡವೆನ್ನುವವರು ಅಪೊಸ್ತಲರ ಕೃತ್ಯಗಳ 5ನೇ ಅಧ್ಯಾಯದಲ್ಲಿ ಯೆಹೂದ್ಯರ ಹಿರೀಸಭೆಗೆ ಪೇತ್ರ ಕೊಟ್ಟ ಉತ್ತರ ತೋರಿಸುತ್ತಾರೆ: ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು. ಕೊನೆಗೆ ಹೆಚ್ಚಿನವರು ಬಂದು ನಿಲ್ಲುವುದು ಒಂದು ರಾಜಿಗೆ: ಸರ್ಕಾರ ಒಳ್ಳೆಯದಾದರೆ ವಿಧೇಯತೆ, ಕೆಟ್ಟದಾದರೆ ವಿರೋಧ. ಗೆರೆ ಎಳೆಯಬೇಕಾದ ಜಾಗ ಇದಲ್ಲ ಎಂದು ನನಗನಿಸುತ್ತದೆ. ಪೌಲ ಆ ಪತ್ರಿಕೆ ಬರೆದಾಗ ಆಳುತ್ತಿದ್ದವನು ನೀರೋ. ಆದರೂ ಪೌಲ ತೆರಿಗೆ ಕಟ್ಟಿ ಎಂದೇ ಬರೆದ. ಕೆಟ್ಟ ಸರ್ಕಾರಕ್ಕೂ ಕೆಲವು ಬಾಕಿಗಳನ್ನು ತೀರಿಸಬೇಕಾಗುತ್ತದೆ. ಆದರೆ ಎಷ್ಟೇ ಒಳ್ಳೆಯ ಸರ್ಕಾರವಾದರೂ, ನನ್ನ ಕೈ ಮಾಡಿದ ಕೆಲಸದ ಹೊಣೆಯನ್ನು ನನ್ನಿಂದ ಇಳಿಸಿ ತಾನು ಹೊರಲಾರದು.

ಯೇಗರ್‌ಸ್ಟೆಟ್ಟರ್‌ಗೆ ಎದುರಾದ ನಿಜವಾದ ವಾದ ನಾಜಿಗಳದ್ದಲ್ಲ, ಸ್ವಂತ ಬಿಷಪರದ್ದು. ಆತ ಲಿಂಜ್ ನಗರಕ್ಕೆ ಹೋಗಿ ಬಿಷಪ್ ಫ್ಲೀಸ್ಸರ್ ಅವರನ್ನು ಕಂಡಿದ್ದ. ಯುದ್ಧ ನ್ಯಾಯವೋ ಅನ್ಯಾಯವೋ ಎಂದು ತೂಗುವುದು ಆಳುವವರ ಪಾಲಿನ ಕೆಲಸ, ನಿನಗೆ ಸಂಸಾರವಿದೆ, ಅದನ್ನು ನೋಡಿಕೋ ಎಂಬುದು ಅವರ ಬುದ್ಧಿಮಾತಿನ ಸಾರ. ಅವರನ್ನು ಹೇಡಿ ಎಂದು ಜರೆಯುವುದು ನಮಗೆ ಸುಲಭ, ಎಂಬತ್ತು ವರ್ಷದ ಈಚೆ ಕೂತಿದ್ದೇವೆ. ಮಕ್ಕಳೊಂದಿಗನಿಗೆ ಯಾವ ಹಿರಿಯರಾದರೂ ಹೇಳುವ ಮಾತೇ ಅದು. ಆದರೆ ಅದರೊಳಗೆ ಅಡಗಿರುವ ಲೆಕ್ಕ ನೋಡಿ: ಸಿಪಾಯಿಯ ಹೊಣೆ ಅಧಿಕಾರಿಗೆ, ಅಧಿಕಾರಿಯದು ಸೇನಾಪತಿಗೆ, ಸೇನಾಪತಿಯದು ಇನ್ನೂ ಮೇಲಕ್ಕೆ. ಕೊನೆಗೆ ಕೋಟ್ಯಂತರ ಕೈಗಳು ಮಾಡಿದ್ದಕ್ಕೆಲ್ಲ ಉತ್ತರ ಹೇಳಬೇಕಾದವನು ಒಬ್ಬನೇ, ಅವನು ಯಾರಿಗೂ ಉತ್ತರ ಕೊಡುವವನಲ್ಲ. ಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗ್ ನ್ಯಾಯಾಲಯದಲ್ಲಿ ಆರೋಪಿಗಳು ಮೇಲಿನ ಆಜ್ಞೆ ಎಂದು ಹೇಳಿದಾಗ ನ್ಯಾಯಾಧೀಶರು ಒಪ್ಪಲಿಲ್ಲ. ಓದಿದವರು ಸಾಲುಗಟ್ಟಿ ಕುಳಿತಿದ್ದ ಆ ಕಟಕಟೆಗೆ ಹೊಳೆಯದ್ದು ಹಳ್ಳಿಯ ಶಾಲೆಯಷ್ಟೇ ಕಂಡ ಯೇಗರ್‌ಸ್ಟೆಟ್ಟರ್‌ಗೆ ಹೊಳೆದಿತ್ತು.

ಇದು ಹೊಸ ಜಗಳವೂ ಅಲ್ಲ. ಸುಮಾರು ಕ್ರಿ.ಶ. 112ರಲ್ಲಿ ರೋಮ್ ಸಾಮ್ರಾಜ್ಯದ ಬಿಥೀನಿಯ ಪ್ರಾಂತದ ಅಧಿಪತಿ ಪ್ಲಿನಿ ಕ್ರೈಸ್ತರೆಂದು ದೂರು ಬಂದವರನ್ನು ಕರೆಸಿ, ಚಕ್ರವರ್ತಿಯ ವಿಗ್ರಹದ ಮುಂದೆ ಧೂಪ, ದ್ರಾಕ್ಷಾರಸ ಅರ್ಪಿಸಲು ಹೇಳುತ್ತಿದ್ದ. ಮಾಡಿದವರಿಗೆ ಬಿಡುಗಡೆ. ಧೂಪ ಹಾಕುವುದು ಏನು ಮಹಾ ಎಂದು ಕೇಳಬಹುದು. ಆದರೆ ಅದನ್ನು ಹಾಕಲೊಪ್ಪದ ಆ ಕಾಲದ ಕ್ರೈಸ್ತರು ದಂಗೆ ಎದ್ದವರಲ್ಲ. ಆ ಶತಮಾನದ ಕೊನೆಯಲ್ಲಿ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ವಾದಿಸಿದ್ದೇ ಹಾಗೆ: ನಾವು ಚಕ್ರವರ್ತಿಯ ಕ್ಷೇಮಕ್ಕಾಗಿ ಪ್ರಾರ್ಥಿಸುತ್ತೇವೆ, ಆದರೆ ಅವನನ್ನು ದೇವರೆನ್ನುವುದಿಲ್ಲ. ಇಂದಿಗೂ ನಮ್ಮ ಚರ್ಚುಗಳ ಆರಾಧನೆಯಲ್ಲಿ ದೇಶವಾಳುವವರಿಗಾಗಿ ಪ್ರಾರ್ಥನೆ ಉಂಟು. ಯಾರಿಗಾಗಿ ಪ್ರಾರ್ಥಿಸುತ್ತೇವೋ ಅವರೂ ದೇವರ ಕೃಪೆ ಬೇಡುವ ಮನುಷ್ಯರೇ.

ಒಂದು ಆಕ್ಷೇಪ ಗಟ್ಟಿಯಾದದ್ದು. ಆತ್ಮಸಾಕ್ಷಿ ಎಂದವರೆಲ್ಲ ಕಾನೂನು ಮುರಿದರೆ ಆಡಳಿತ ನಡೆಯುವುದು ಹೇಗೆ? ಆತ್ಮಸಾಕ್ಷಿಯೂ ತಪ್ಪುತ್ತದಲ್ಲ? 2015ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಕೌಂಟಿ ಗುಮಾಸ್ತೆಯೊಬ್ಬರು ಸಲಿಂಗಿಗಳ ಮದುವೆ ತಮ್ಮ ನಂಬಿಕೆಗೆ ವಿರುದ್ಧವೆಂದು ಮದುವೆಯ ಲೈಸೆನ್ಸ್ ಕೊಡುವುದನ್ನೇ ನಿಲ್ಲಿಸಿ, ಕೆಲವು ದಿನ ಜೈಲು ಕಂಡರು. ಅವರೂ ದೇವರ ಹೆಸರೇ ಹೇಳಿದ್ದು. ಆದರೆ ಅವರು ತಡೆದದ್ದು ತಮ್ಮ ಸಹಿಯನ್ನಷ್ಟೇ ಅಲ್ಲ. ಕೈಕೆಳಗಿನವರೂ ಕೊಡದಂತೆ ಮಾಡಿದರು, ಕುರ್ಚಿ ಬಿಡಲಿಲ್ಲ. ಇದಕ್ಕೆದುರಾಗಿ 1985ರಲ್ಲಿ ಕೇರಳದ ಶಾಲೆಯೊಂದರಿಂದ ಹೊರಹಾಕಿಸಿಕೊಂಡ ಮೂವರು ಒಡಹುಟ್ಟಿದವರನ್ನು ನೋಡಿ. ಯೆಹೋವನ ಸಾಕ್ಷಿಗಳ ಪಂಗಡದ ಆ ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಂತರು, ಹಾಡಲಿಲ್ಲ. ಹಾಡುವವರನ್ನು ತಡೆಯಲೂ ಇಲ್ಲ. 1986ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ತನ್ನ ಕೈಯನ್ನು ಹಿಂದೆಗೆದುಕೊಳ್ಳುವುದು ಬೇರೆ, ಇನ್ನೊಬ್ಬರ ಹಕ್ಕಿನ ಮೇಲೆ ಕೈ ಇಡುವುದು ಬೇರೆ.

ಹಾಗೆಂದು ಹಿಂದೆಗೆದುಕೊಂಡವನ ಬೆಲೆಯನ್ನು ಅವನೊಬ್ಬನೇ ತೆರುತ್ತಾನೆ ಎನ್ನಲಾಗದು. ಯೇಗರ್‌ಸ್ಟೆಟ್ಟರ್‌ನ ಹೆಂಡತಿ ಫ್ರಾನ್ಜಿಸ್ಕಾ ಮೊದಲು ಬೇಡವೆಂದಳು, ಆಮೇಲೆ ಅವನ ಜೊತೆ ನಿಂತಳು. ಊರವರು ಅವಳನ್ನೇ ದೂರಿದರು. ಯುದ್ಧ ಮುಗಿದು ಹಿಟ್ಲರ್ ಸತ್ತು ಆಸ್ಟ್ರಿಯಾದಲ್ಲಿ ಗಣರಾಜ್ಯ ಬಂದರೂ ಅವಳಿಗೆ ವಿಧವಾ ಪಿಂಚಣಿ ಸಿಕ್ಕಿದ್ದು 1950ರಲ್ಲಿ. ಧರ್ಮಪ್ರಾಂತದ ಪತ್ರಿಕೆಯಲ್ಲಿ ಆತನ ಕಥೆ ಅಚ್ಚಾಗುವುದನ್ನು ಅದೇ ಬಿಷಪರು ತಡೆದರು. ಕರ್ತವ್ಯವೆಂದು ನಂಬಿ ಯುದ್ಧಕ್ಕೆ ಹೋದ ಯುವಕರೇ ಹೆಚ್ಚಿನ ವೀರರೆಂಬುದು ಅವರ ಅಭಿಪ್ರಾಯ. ಆಗ ಅಧಿಕಾರದಲ್ಲಿದ್ದದ್ದು ನಾಜಿ ಸರ್ಕಾರವಲ್ಲ, ಜನರೇ ಆರಿಸಿದ್ದು. 2007ರಲ್ಲಿ ಲಿಂಜ್‌ನಲ್ಲಿ ಚರ್ಚು ಆತನನ್ನು ಪುನೀತನೆಂದು ಸಾರಿದಾಗ ತೊಂಬತ್ತು ದಾಟಿದ್ದ ಫ್ರಾನ್ಜಿಸ್ಕಾ ಅಲ್ಲಿದ್ದಳು.