ತರಬೇತಿ ಬೇಕಾಗಿರುವುದು ಯಾರಿಗೆ?

ತಾಂಬರಂ ಕಡೆಯ ನಮ್ಮ ಸದಸ್ಯ ಬಂಧುಗಳಿಗೆ ಒಂದು ಪ್ರಶ್ನೆ. ಬೆಳಗಾಗುವ ಮುನ್ನ ನಿಮ್ಮ ಬೀದಿ ಗುಡಿಸಿ ಹೋಗುವ ಹೆಂಗಸಿನ ಹೆಸರು ನಿಮಗೆ ಗೊತ್ತೆ? ಬಹಳ ಮಂದಿಗೆ ಗೊತ್ತಿರಲಾರದು. ಆದರೆ ಆಕೆಗೆ ತರಬೇತಿ ಸಾಲದೆಂಬುದು ಮಾತ್ರ ಎಲ್ಲರಿಗೂ ಗೊತ್ತು. ತೊಟ್ಟಿ ತುಂಬಿ ಚೆಲ್ಲಿದರೆ, ಚರಂಡಿ ಕಟ್ಟಿಕೊಂಡರೆ, ಸೊಳ್ಳೆ ಹೆಚ್ಚಿದರೆ, "ಈ ಜನಕ್ಕೆ ಸರಿಯಾದ ಟ್ರೈನಿಂಗ್ ಕೊಡಬೇಕು ರೀ" ಎಂದು ಕಾಫಿ ಲೋಟ ಕೆಳಗಿಡುವುದರೊಳಗೆ ತೀರ್ಪಾಗಿಬಿಡುತ್ತದೆ.

ತರಬೇತಿ ಶಿಬಿರಗಳಿಗೇನೂ ಬರವಿಲ್ಲ. ದೀಪ ಬೆಳಗುವುದು, ಶಾಲು ಹೊದಿಸುವುದು, ಭಾಷಣ, ಒಂದು ಜೊತೆ ಕೈಗವಸು, ಊಟದ ಪೊಟ್ಟಣ, ಕೊನೆಗೆ ಗುಂಪು ಫೋಟೋ. ಮಾರನೆಯ ದಿನ ಅದೇ ತಳ್ಳುಗಾಡಿ, ಅದೇ ಗುತ್ತಿಗೆದಾರ. 2025ರ ಆಗಸ್ಟಿನಲ್ಲಿ ಚೆನ್ನೈಯ ರಿಪ್ಪನ್ ಕಟ್ಟಡದ ಮುಂದೆ, 13ರ ನಡುರಾತ್ರಿ ಪೊಲೀಸರು ಎಬ್ಬಿಸುವವರೆಗೂ ಕುಳಿತಿದ್ದ ನೈರ್ಮಲ್ಯ ಕೆಲಸಗಾರರು ಕೇಳಿದ್ದು ತರಬೇತಿಯನ್ನಲ್ಲ. ನಮ್ಮ ಕೆಲಸವನ್ನು ಖಾಸಗಿಯವರಿಗೆ ಒಪ್ಪಿಸಬೇಡಿ, ನಮ್ಮನ್ನು ಖಾಯಂ ಮಾಡಿ ಎಂದು.

ಹಾಗೆಂದು ಶಿಬಿರಗಳೇ ಬೇಡವೆನ್ನುವವರಲ್ಲ ನಾವು. ಕಲಿಯಬೇಕಾದ್ದು ಇದೆ, ಅದು ಪ್ರಾಣದ ವಿಷಯ. ಮುಚ್ಚಿದ ಸೆಪ್ಟಿಕ್ ಟ್ಯಾಂಕಿನಲ್ಲಿ ಕೊಳೆತು ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲಕ್ಕೆ ಕೊಳೆತ ಮೊಟ್ಟೆಯ ನಾತ. ಅದು ಹೆಚ್ಚಾದಾಗ ಮೂಗು ವಾಸನೆ ಹಿಡಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ನಾತ ನಿಂತಿತು, ಇನ್ನು ಭಯವಿಲ್ಲ ಎಂದು ಇಳಿದವನು ನಾಲ್ಕು ಉಸಿರಿನೊಳಗೆ ಕುಸಿಯುತ್ತಾನೆ. ಗಾಳಿಗಿಂತ ಭಾರವಾದ ಈ ಅನಿಲ, ಮುಚ್ಚಳ ತೆಗೆದಿಟ್ಟ ಮಾತ್ರಕ್ಕೆ ಹೊರಟುಹೋಗುವುದಿಲ್ಲ. ಮೂಗಿಗೆ ಕಟ್ಟಿದ ಬಟ್ಟೆ ಅದನ್ನು ತಡೆಯುವುದೂ ಇಲ್ಲ. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವ ಜಾಣರೂ ಇದ್ದಾರೆ; ಒಳಗೆ ಮೀಥೇನ್ ಇದ್ದರೆ ಆ ಒಂದು ಕಡ್ಡಿಯೇ ಸಾಕು. ಬಿದ್ದವನನ್ನು ಎತ್ತಲು ಅಣ್ಣನೋ ಗೆಳೆಯನೋ ಹಿಂದೆಯೇ ಇಳಿಯುತ್ತಾನೆ. ಒಂದೇ ಟ್ಯಾಂಕಿನಲ್ಲಿ ಇಬ್ಬರು ಮೂವರು ಸತ್ತರೆಂಬ ಸುದ್ದಿ ಪತ್ರಿಕೆಯಲ್ಲಿ ಬರುವುದು ಹೀಗೆ.

ಆದ್ದರಿಂದ ಶಿಬಿರದ ಮೊದಲ ಪಾಠ "ಹೇಗೆ ಇಳಿಯಬೇಕು" ಎಂಬುದಲ್ಲ, "ಇಳಿಯುವುದಿಲ್ಲ" ಎನ್ನುವುದು ಹೇಗೆ ಎಂಬುದು. ದಿನಗೂಲಿಯವನು ಈ ಮಾತು ಹೇಳಿದರೆ ಮಾರನೆಯ ದಿನ ಅವನ ಜಾಗದಲ್ಲಿ ಇನ್ನೊಬ್ಬ ಬಂದಿರುತ್ತಾನೆ. ಹೀಗಿರುವಾಗ ಪಾಠ ಹೇಳಬೇಕಾದ್ದು ಯಾರಿಗೆ?

ಇಳಿ ಎಂದು ಹೇಳುವವರಿಗೆ. ಅಂದರೆ ನಮಗೆ. ಸೇಲೈಯೂರು, ಮಾಡಂಬಾಕ್ಕಂ, ಪೆರುಂಗಳತ್ತೂರು ಕಡೆ ಮನೆ ಕಟ್ಟಿಸಿದ, ಫ್ಲಾಟು ಕೊಂಡ ನಮ್ಮವರು ಎಷ್ಟು ಮಂದಿಯಿಲ್ಲ! ಒಳಚರಂಡಿ ಬಾರದ ಬೀದಿಗಳಲ್ಲಿ ಸೆಪ್ಟಿಕ್ ಟ್ಯಾಂಕೇ ಗತಿ. ಲಾರಿ ಬಂದು ಹೀರಿಕೊಂಡು ಹೋದ ಮೇಲೆ ತಳದಲ್ಲಿ ಗಟ್ಟಿಯಾಗಿ ಉಳಿದದ್ದನ್ನು ತೆಗೆಯಲು, "ಇನ್ನೊಂದು ಐನೂರು ಕೊಡುತ್ತೇನೆ, ಒಬ್ಬನನ್ನು ಇಳಿಸಪ್ಪ" ಎನ್ನುವ ಯಜಮಾನರು ಓದಿದವರೇ, ಬ್ಯಾಂಕಿನಲ್ಲಿಯೋ ರೈಲ್ವೆಯಲ್ಲಿಯೋ ದೊಡ್ಡ ಹುದ್ದೆಯಲ್ಲಿದ್ದವರೇ. 2013ರ ಕಾಯಿದೆಯ 7ನೆಯ ಕಲಮು, ರಕ್ಷಣೆಯ ಸಾಧನಗಳಿಲ್ಲದೆ ಇಂಥ ಅಪಾಯದ ಕೆಲಸಕ್ಕೆ ಯಾರನ್ನೂ ನೇರವಾಗಿಯಾಗಲಿ ಬೇರೆಯವರ ಮೂಲಕವಾಗಲಿ ಹಚ್ಚಕೂಡದೆಂದು ಪುರಸಭೆಗೂ ಹೇಳಿದೆ, ಖಾಸಗಿ ವ್ಯಕ್ತಿಗೂ ಹೇಳಿದೆ. ಮೊದಲ ಸಲದ ತಪ್ಪಿಗೇ ಎರಡು ವರ್ಷದವರೆಗೆ ಸಜೆ ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. 2014ರಲ್ಲಿ ಸುಪ್ರೀಂ ಕೋರ್ಟು ಸತ್ತವನ ಸಂಸಾರಕ್ಕೆ 10 ಲಕ್ಷ ಪರಿಹಾರವೆಂದಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ನಮ್ಮ ಫ್ಲಾಟುಗಳ ಅಸೋಸಿಯೇಷನ್ ಸಭೆಗಳಲ್ಲಿ ಲಿಫ್ಟಿನ ಖರ್ಚಿನ ಬಗ್ಗೆ ಎರಡು ಗಂಟೆ ಜಗಳವಾಗುತ್ತದೆ. ಈ ಕಲಮನ್ನು ಯಾರಾದರೂ ಓದಿ ಹೇಳಿದ್ದುಂಟೆ?

ನಮ್ಮ ನಾಡು ಇದರಲ್ಲಿ ಮೇಲೆಂದು ಬೀಗುವ ಹಾಗೂ ಇಲ್ಲ. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರಿಸುವುದನ್ನು ನಿಲ್ಲಿಸಿದರು. ಚೆನ್ನಾಗಿ ಹೊರುವುದು ಹೇಗೆಂದು ಅವರು ಶಿಬಿರ ನಡೆಸಲಿಲ್ಲ, ಹೊರಕೂಡದು ಎಂದರು. ಐ.ಪಿ.ಡಿ. ಸಾಲಪ್ಪನವರ ಸಮಿತಿ 1976ರಲ್ಲಿ ಪೌರಕಾರ್ಮಿಕರ ಬಾಳಿನ ಬಗ್ಗೆ ವರದಿ ಕೊಟ್ಟಿತು. ಆ ಮೇಲೆ 2017ರಲ್ಲಿ ಕರ್ನಾಟಕ ಸರ್ಕಾರ ಪೌರಕಾರ್ಮಿಕರನ್ನು ತಂಡವಾಗಿ ಸಿಂಗಪುರಕ್ಕೆ ಕಳಿಸಿತು. ವಿಮಾನ ಹತ್ತಿದ್ದು ಸಂತೋಷವೇ. ಆದರೆ ಸಿಂಗಪುರದ ಬೀದಿ ಚೊಕ್ಕಟವಾಗಿರುವುದು ಅಲ್ಲಿ ಗುಡಿಸುವವರ ಜಾಣ್ಮೆಯೊಂದರಿಂದಲೇ ಅಲ್ಲ. ಬೀದಿಗೆ ಎಸೆದವನ ಕೈಯಲ್ಲಿ ಅಲ್ಲಿ ದಂಡ ಕಟ್ಟಿಸುತ್ತಾರೆ. ಆ ವಿಮಾನದಲ್ಲಿ ಹೋಗಬೇಕಾಗಿದ್ದವರು ಬೇರೆ ಇದ್ದರೆಂದು ನಮಗೆ ತೋರುತ್ತದೆ.

ಇನ್ನೊಂದು ಮಾತು, ಕಹಿಯಾದರೂ ಸರಿ. ಪಶ್ಚಿಮ ತಾಂಬರದಲ್ಲಿ ಕನ್ನಡಪಾಳಯಂ ಎಂಬ ಜಾಗವಿದೆ. ಹೆಸರು ಕೇಳಿದರೆ ನಮ್ಮ ಕಿವಿ ನಿಮಿರುತ್ತದೆ. ತಾಂಬರಂ ನಗರಸಭೆಯ ಕಸವನ್ನು ವರ್ಷಗಟ್ಟಲೆ ತಂದು ಸುರಿದದ್ದು ಅಲ್ಲಿಯೇ. ಹಸಿ ಕಸ, ಒಣ ಕಸ, ಮನೆಯ ಅಪಾಯಕಾರಿ ಕಸ ಇವನ್ನು ಬೇರೆ ಬೇರೆ ಮಾಡಿ ಕೊಡುವ ಹೊಣೆ ಮನೆಯವರದೆಂದು 2016ರ ನಿಯಮಗಳೇ ಹೇಳಿದವು. ಈಗಲೂ ಸಾಂಬಾರು, ಮುರಿದ ಗಾಜು, ಇನ್ಸುಲಿನ್ ಸೂಜಿ ಒಂದೇ ಚೀಲದಲ್ಲಿ ಹೋಗುತ್ತವೆ. ಆ ಚೀಲಕ್ಕೆ ಕೈ ಹಾಕುವವರಲ್ಲಿ ಅರುಂಧತಿಯರ್ ಸಮುದಾಯದವರು ಅನೇಕರು. ಆ ಸಮುದಾಯದ ಹಲವರ ಮನೆಮಾತು ತೆಲುಗು, ಕೊಂಗುನಾಡಿನ ಕಡೆಯ ಕೆಲವರದು ಕನ್ನಡ. ಹೊರನಾಡ ಕನ್ನಡಿಗರ ಪಟ್ಟಿ ಮಾಡುವಾಗ ಅವರು ನಮ್ಮ ನೆನಪಿಗೇ ಬರುವುದಿಲ್ಲವಲ್ಲ, ಏಕೆ?

ಸಂಘಕ್ಕೆ ನಮ್ಮ ಕೋರಿಕೆ ಇಷ್ಟೆ. ಈ ವರ್ಷ ಒಂದು ಶಿಬಿರ ನಡೆಯಲಿ, ಸದಸ್ಯರಿಗಾಗಿ. ಪಾಠ ಹೇಳಲು ಒಬ್ಬ ಹಿರಿಯ ಪೌರಕಾರ್ಮಿಕರನ್ನು ಕರೆಯೋಣ. ಅವರಿಗೆ ಅರ್ಧ ದಿನದ ಕೂಲಿಯಲ್ಲ, ಉಪನ್ಯಾಸಕರಿಗೆ ಕೊಡುವ ಸಂಭಾವನೆಯನ್ನೇ ಕೊಡೋಣ. ಕುರ್ಚಿ ವೇದಿಕೆಯ ಮೇಲಿರಲಿ. ರಾಜ್ಯೋತ್ಸವದ ಊಟಕ್ಕೆ ಮುಂಚೆಯೇ ಇದು ನಡೆದರೆ ಒಳ್ಳೆಯದು. ಆ ದಿನದ ಎಂಜಲೆಲೆಯನ್ನೂ ಪ್ಲಾಸ್ಟಿಕ್ ಲೋಟವನ್ನೂ ಬೇರೆ ಮಾಡಿ ಹಾಕಲು ಕೈ ತೊಳೆಯುವ ಜಾಗದಲ್ಲಿ ಎರಡು ಡ್ರಮ್ಮು ಇಡಿಸಬೇಕು. ಅದರ ಖರ್ಚನ್ನು ಬೇಕಾದರೆ ನಾವೇ ಕೊಡುತ್ತೇವೆ.