ಮೈದಾನ ಮಾರಿದ ಲಾಭ

"ಆಟ ನೋಡಿ ಮನೆಗೆ ಹೋಗಿ, ಲೆಕ್ಕ ನಿಮಗೇಕೆ?" ಎಂದು ಅಭಿಮಾನಿಗಳಿಗೆ ಬುದ್ಧಿ ಹೇಳುವವರು ಎಲ್ಲೆಲ್ಲೂ ಇದ್ದಾರೆ. ಬಂಧುಗಳೇ, ಇಂಗ್ಲೆಂಡಿನ ಡರ್ಬಿಯ ಸಂಗತಿ ಕೇಳಿ. ರೈಲ್ವೆ ಕಾರ್ಖಾನೆಗಳ ಊರು ಅದು. ಅಲ್ಲಿನ ಡರ್ಬಿ ಕೌಂಟಿ ಕಾಲ್ಚೆಂಡಿನ ಕ್ಲಬ್ಬು 1884ರಲ್ಲಿ ಹುಟ್ಟಿದ್ದು. ಟಿಕೆಟು ಕೊಂಡು ಸಾಕಿದವರು ದುಡಿಯುವ ಜನ.

2017-18ರ ವಾರ್ಷಿಕ ಲೆಕ್ಕದಲ್ಲಿ ಕ್ಲಬ್ಬಿಗೆ ಸುಮಾರು 1.46 ಕೋಟಿ ಪೌಂಡು ಲಾಭವೆಂದಿತ್ತು. ಆಹಾ! ಆದರೆ ಆ ವರ್ಷ ಸಂಬಳದ ಖರ್ಚೊಂದೇ ಆದಾಯವನ್ನು ಮೀರಿತ್ತು. (ಗೇಟು ಕಾಯುವವನ ಸಂಬಳವಲ್ಲ ಸ್ವಾಮಿ, ಹೆಚ್ಚಿನದೆಲ್ಲ ಆಟಗಾರರದು.) ಹಾಗಾದರೆ ಲಾಭ ಎಲ್ಲಿಂದ ಬಂತು? ಮೈದಾನವನ್ನು ಕ್ಲಬ್ಬಿನ ಮಾಲೀಕ ಮೆಲ್ ಮಾರಿಸರದೇ ಇನ್ನೊಂದು ಕಂಪನಿಗೆ ಸುಮಾರು 8 ಕೋಟಿ ಪೌಂಡಿಗೆ ಮಾರಲಾಗಿತ್ತು. ಪುಸ್ತಕದಲ್ಲಿ ಅದರ ಬೆಲೆ ಹತ್ತಿರ ಹತ್ತಿರ ಅರ್ಧ. ಮಿಕ್ಕಿದ್ದೆಲ್ಲ ಲಾಭ! ಧಣಿ ತನ್ನ ಹೋಟೆಲಿನ ಕಟ್ಟಡವನ್ನು ತಾನೇ ಕೊಂಡು ಆ ಹಣವನ್ನು ಗಲ್ಲಾಕ್ಕೆ ಹಾಕಿದರೆ, ಒಂದು ಇಡ್ಲಿಯಾದರೂ ಹೆಚ್ಚು ಮಾರಿದಂತಾಯಿತೇ?

ಈ ಮಾರಾಟದ ಮೇಲಿನ ಆಪಾದನೆಯನ್ನು 2020ರಲ್ಲಿ ಶಿಸ್ತು ಸಮಿತಿ ತಳ್ಳಿಹಾಕಿತು. ಇರಲಿ. ಒಮ್ಮೆ ಮಾರಿದ ಮೈದಾನವನ್ನು ಮರುವರ್ಷ ಮತ್ತೆ ಮಾರಲಾದೀತೇ?

ಅಲ್ಲಿ ಕಂಪನಿಗಳ ಲೆಕ್ಕವನ್ನು ಸರ್ಕಾರಿ ದಫ್ತರಿನಲ್ಲಿ ಯಾರು ಬೇಕಾದರೂ ಓದಬಹುದು. ಲಾಭದ ಅಂಕಿ ಬಿಡಿ, ಹಿಂದಿನ ಟಿಪ್ಪಣಿ ನೋಡಿ: ಏನು ಮಾರಿದರು, ಯಾರಿಗೆ? ಮಿಡ್ಲ್ ಸ್ಕೂಲು ಓದಿದ ನನಗೇ ತಿಳಿಯುವುದಾದರೆ ನಿಮಗೇಕೆ ತಿಳಿಯದು? ನಮ್ಮ ಸಂಘದ ಜಮಾಖರ್ಚನ್ನೂ ಹೀಗೆಯೇ ಓದಿ, ನಮ್ಮನ್ನೂ ನಿಲ್ಲಿಸಿ ಕೇಳಿ.

2021ರ ಸೆಪ್ಟೆಂಬರಿನಲ್ಲಿ ಡರ್ಬಿ ಕ್ಲಬ್ಬು ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಗಳ ಕೈ ಸೇರಿತು. ಅದಕ್ಕಾಗಿ 12 ಪಾಯಿಂಟು ಕಡಿತ, ಹಿಂದಿನ ವರ್ಷಗಳ ಲೆಕ್ಕದಲ್ಲಿ ನಿಯಮ ಮೀರಿದ್ದಕ್ಕೆ ಇನ್ನೂ 9. 2022ರಲ್ಲಿ ತಂಡ ಮೂರನೆಯ ದರ್ಜೆಗೆ ಇಳಿಯಿತು. ಕೆಲವು ನೌಕರರ ಕೆಲಸವೂ ಹೋಯಿತು.